ನಿಂತ ಟೈರು

ಮದ್ದೂರು ದಾಟಿ, ಗೆಜ್ಜಲಗೆರೆ ಹತ್ತಿರ
ಜಬೀನಾಳ ಪಂಕ್ಚರ್ ಅಂಗಡಿ.
ನಮ್ಮ ಗಾಲಿಮನೆಯ ಸುತ್ತ ಒಂದು ಸುತ್ತು ಬಂದು
ಕುಕ್ಕರುಗಾಲಲ್ಲಿ ಕೂತಳು.
ಟೈರಿನ ಕೆನ್ನೆಯ ಮಣ್ಣು ಉಗುರಲ್ಲಿ ಕೆರೆದು
ನಾಲ್ಕು ಅಂಕಿ ಓದಿದಳು:
‘ಮೂವತ್ತೊಂದ್ನೇ ವಾರ, ಹದಿನೈದ್ನೇ ಇಸ್ವಿ.
ಇದ್ಕೆ ವಯಸ್ಸಾಯ್ತು ಸಾಮಿ.’

ಹಲ್ಲು ಸವೆದೇ ಇಲ್ಲವಲ್ಲಮ್ಮ, ಅಂದೆ.
ಬರೀ ಎರಡೂವರೆ ಟ್ರಿಪ್ಪು:
ಗೋಕರ್ಣ, ಬಾದಾಮಿ, ಅರ್ಧ ಊಟಿ.
ಆಮೇಲೆ ಹೊಂಗೆ ನೆರಳಲ್ಲೇ ಇತ್ತು,
ವಿಶಾಲುವಿನ ಮಂಡಿ ಆಪರೇಷನ್ ಆದಾಗಿಂದ.

‘ಓಡಿ ಸವೆದ್ರೆ ಕಣ್ಗೆ ಕಾಣ್ತದೆ.
ನಿಂತು ಸೀಳಿದ್ದು
ಹೊರೆ ಬಿದ್ದಾಗ್ಲೇ ಗೊತ್ತಾಗೋದು.’
ಹೆಬ್ಬೆರಳಲ್ಲಿ ಒತ್ತಿ ತೋರಿಸಿದಳು:
ಕಪ್ಪಿನೊಳಗೆ ಕೂದಲೆಳೆ ಬಿರುಕು,
ನೀರು ಬಿಟ್ಟ ನಾಲೆಯ ತಳದ ಹಾಗೆ.

ಹಳೇ ಕಾರಿಂದು ಇದ್ದರೆ ಹಾಕು ಎಂದದ್ದಕ್ಕೆ
ಗದರಿದಳು: ‘ಎಳೆಯೋ ಗಾಲಿ ಬ್ಯಾರೆ,
ಹೊರೋ ಗಾಲಿ ಬ್ಯಾರೆ.
ಕಬ್ಬಿನ ಟ್ರೈಲರ್ನೋರ್ನ ಕೇಳೋಗಿ.’

ಜೋಡಿ ಹೊಸದೇ ಬಂತು, ರಬ್ಬರ್ ವಾಸನೆ ಸಮೇತ.
ನಟ್ಟುಗಳನ್ನು ಎದುರುಬದುರು ಬಿಗಿಯುತ್ತ ಅಂದಳು:
‘ಐವತ್ತು ಕಿಲೋಮೀಟ್ರಿಗೆ ಇನ್ನೊಂದ್ಸಾರಿ ಬಿಗೀರಿ.
ಗಾಳಿ ನೋಡೋದು ಬೆಳಿಗ್ಗೆ,
ತಣ್ಣಗಿದ್ದಾಗ, ಹೊರಡೋಕ್ ಮುಂಚೆ.’

ಎಲ್ಲಿಗೆ ಹೊರಡೋದು, ಅಂತ ನಕ್ಕು ತಿರುಗಿದರೆ
ವಿಶಾಲು ಆಗಲೇ ಮುಂದಿನ ಸೀಟಲ್ಲಿ,
ಕೋಲು ಹಿಂದಕ್ಕೆ ಎಸೆದು.