ಇನ್ನೂ ಬಾರದ ದಿನದ ಸಹಿ

ಸಾವಿರದ ನೂರ ಹದಿನಾಲ್ಕು ಪೊಟ್ಟಣ ಬರಬೇಕಿತ್ತು.
ಇನ್ನೂರ ಆರು ಬಂದು
ಕರೆಂಟು ಹೋಯಿತು.

ಮಂಡ್ಯದಾಚೆ, ಬಸರಾಳು ರಸ್ತೆಯ ವೇಬ್ರಿಜ್ಜು.
ತಗಡಿನ ಸೂರು, ಒಂದು ಕಿಟಕಿ, ಒಂದು ಕಂಪ್ಯೂಟರು.
ಕದ್ದ ವಿಂಡೋಸು ಕೈಕೊಟ್ಟ ವರ್ಷ ಯಾರೋ ಹುಡುಗ
ಲಿನಕ್ಸ್ ಹಾಕಿ, ‘ಇದಕ್ಕೆ ಕಾಸಿಲ್ಲ’ ಅಂದು ಹೋಗಿದ್ದ.
ಕಾಸಿಲ್ಲದ ಮನೆಗೂ ಕಸ ಗುಡಿಸಬೇಕು ತಾನೆ,
ಗಾಡಿ ಕಡಿಮೆ ಇರುವ ರಾತ್ರಿ ನೋಡಿ
ಹೊಸದು ಮಾಡೋಣವೆಂದು ಕೂತಿದ್ದೆ.

ಕರೆಂಟು ಬಂತು. ಪೊಟ್ಟಣ ಬರಲಿಲ್ಲ.
ತರಲಾಗಲಿಲ್ಲ ತರಲಾಗಲಿಲ್ಲ ತರಲಾಗಲಿಲ್ಲ
ಕಪ್ಪು ತೆರೆಯ ಮೇಲೆ ಬಿಳಿ ಇರುವೆಯ ಸಾಲು.

ಬೇರೆ ಉಗ್ರಾಣದ ವಿಳಾಸ ಕೊಟ್ಟೆ. ಇಲ್ಲ.
ಬಂದಿದ್ದ ಇನ್ನೂರ ಆರನ್ನೂ ಗುಡಿಸಿ ಚೆಲ್ಲಿದೆ. ಇಲ್ಲ.
ಮೊಬೈಲನ್ನು ಕಿಟಕಿಯ ಸರಳಿಗೆ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿದೆ,
ಎರಡು ಕಡ್ಡಿ ಸಿಗ್ನಲ್ಲು ಮೂರಾಯಿತು. ಆದರೂ ಇಲ್ಲ.
ಕೂಗಿದರೆ ಓಗೊಡುತ್ತಾನೆ ಆ ದೂರದವನು,
ಬಾಗಿಲು ಮಾತ್ರ ತೆಗೆಯ.

ಆಗ ಬಂತು ಹೊಂಬಾಳಯ್ಯನ ಟ್ರ್ಯಾಕ್ಟರು,
ಆಲೆಮನೆಗೆ ಹೊರಟ ಕಬ್ಬು.
‘ಏನವ್ವ, ತೂಕ ಆಯ್ತದಾ?’
‘ಇರಿ, ಹೊಸದು ಹಾಕ್ತಾ ಇದೀನಿ.’
‘ಹಳೇದ್ರಲ್ಲೇ ತೂಗು ಬುಡು. ಕಬ್ಬೂ ನೆನ್ನೇದೇಯ.’

ಅವನು ಬೀಡಿ ಹಚ್ಚಿದ.
ನಾನು ಇರುವೆಗಳನ್ನು ಒಂದೊಂದಾಗಿ ಓದಿದೆ.
ಈ ಸಹಿ ಇನ್ನೂ ಚಾಲ್ತಿಗೆ ಬಂದಿಲ್ಲ.
ಚಾಲ್ತಿಗೆ ಬರಲು ಇನ್ನೂ ನಾಲ್ಕು ಸಾವಿರದ ಚಿಲ್ಲರೆ ದಿನ.

ತೆರೆಯ ಮೂಲೆಯಲ್ಲಿ ತಾರೀಖು:
ಜನವರಿ ಒಂದು, ಎರಡು ಸಾವಿರದ ಹನ್ನೆರಡು.
ಕರೆಂಟು ಹೋದಾಗ ಹೊತ್ತನ್ನು ಹಿಡಿದಿಡಬೇಕಾದ
ಎಂಟಾಣೆಯಗಲದ ಸೆಲ್ಲು ಯಾವಾಗಲೋ ಸತ್ತಿತ್ತು.
ಆಚೆಯವನು ಇವತ್ತಿನ ಸಹಿ ತೋರಿಸುತ್ತಾನೆ,
ಇದು ಅನ್ನುತ್ತದೆ, ಆ ದಿನವೇ ಹುಟ್ಟಿಲ್ಲ, ಕಳ್ಳ ನೀನು.
ಬಾಗಿಲು ಹಾಕಿದ್ದವನು ಅವನಲ್ಲ.

ಹೊತ್ತು ತಪ್ಪಿದರೆ ನೆಟ್ಟಿನಲ್ಲಿ ಕೇಳಿ ತಿದ್ದಿಕೊಳ್ಳುವ
ಬುದ್ಧಿ ಇತ್ತು ಇದಕ್ಕೆ.
ಅದನ್ನು ಆರಿಸಿದವಳು ನಾನು.
ಒಂದು ಮಂಗಳವಾರ, ರೇಟು ಏರಿದ ದಿನ,
‘ಈ ಆರು ಲೋಡಿಗೆ ಸೋಮವಾರದ ತಾರೀಖು ಹಾಕು’
ಅಂದಿದ್ದರು ಯಜಮಾನರು, ಟೀ ಆರಿಸಿಕೊಳ್ಳುತ್ತ.
ಎಷ್ಟು ಸಲ ಹಿಂದಕ್ಕೆ ಇಟ್ಟರೂ ತಿರುಗಿ ಸರಿಯಾಗುತ್ತಿತ್ತು ಇದು,
ಹಟಮಾರಿ ಮಗುವಿನ ಹಾಗೆ.
ಕೊನೆಗೆ ಅದರ ಕಿವಿ ಮುಚ್ಚಿಬಿಟ್ಟೆ.
ಆರೂ ಯಾರ ಲೋಡೆಂದು
ನೆನಪಿಲ್ಲ ಎಂದೇ ಹೇಳಿಕೊಳ್ಳುತ್ತೇನೆ.

‘ಟೈಮೆಷ್ಟು, ಹೊಂಬಾಳಯ್ನೋರೇ?’
ಟಾರ್ಚು ಬಿಟ್ಟು ಕೈಗಡಿಯಾರ ನೋಡಿದ.
‘ಎರಡೂ ಇಪ್ಪತ್ತು. ನಂದು ಐದು ನಿಮಿಸ ಮುಂದೈತೆ,
ಕಳೆದು ಹೇಳ್ಲಾ?’
‘ಬೇಡ, ಇರಲಿ.’

ಅವನ ಹೊತ್ತನ್ನೇ ಟೈಪಿಸಿದೆ.
ಆಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು,
ಮುಚ್ಚಿದ್ದ ಕಿವಿಯನ್ನೂ ಬಿಚ್ಚಿದೆ.
ಗಡಿಯಾರ ತಾನಾಗಿ ಐದು ನಿಮಿಷ ಹಿಂದೆ ಸರಿದು ನಿಂತಿತು.

ಬರತೊಡಗಿದವು.
ಕಣದಲ್ಲಿ ರಾಗಿ ಅಳೆಯುತ್ತ ಅಪ್ಪ ಎಣಿಸುತ್ತಿದ್ದ ಹಾಗೆ
ಒಳಗೊಳಗೇ ಎಣಿಸಿದೆ:
ಲಾಭ, ಎರಡು, ಮೂರು,
ನಾನೂರರವರೆಗೆ ಎಣಿಸಿದ ನೆನಪು.
ಟ್ರ್ಯಾಕ್ಟರಿನ ಸೀಟಿನಲ್ಲಿ ಹೊಂಬಾಳಯ್ಯನ ಗೊರಕೆ,
ಕಬ್ಬಿನ ಸೋಗೆಯಿಂದ ತೊಟ್ಟಿಕ್ಕುವ ಇಬ್ಬನಿ.

ಬೆಳಗಿನ ಆರೂ ಹತ್ತಕ್ಕೆ ತೂಗಿದೆ.
ಚೀಟಿ ಕರಕರನೆ ಹೊರಬಂತು.
ಅವನು ಅದನ್ನು ಬೆಳಕಿಗೆ ಹಿಡಿದು
ತೂಕ ನೋಡಲಿಲ್ಲ, ಮೊದಲು ತಾರೀಖು ನೋಡಿದ.
ಮಡಚಿ, ಒಳಜೇಬಿಗಿಟ್ಟು
‘ಬತ್ತೀನವ್ವ’ ಅಂದ.

ಯಾವತ್ತೂ ಹಾಗೇ ನೋಡುತ್ತಿದ್ದನೋ,
ನನ್ನ ಕಣ್ಣಿಗೆ ಬಿದ್ದದ್ದು ಇವತ್ತೋ.