ಕೊಂಬಿನ ಹಿಡಿ

ಹಲ್ಲಿನ ಸೆಟ್ಟು ಮಾಡುವವನು ನಾನು.
ಶೆಫೀಲ್ಡಿನ ಅಟರ್‌ಕ್ಲಿಫ್‌ನಲ್ಲಿ, ಟೈರಿನಂಗಡಿಯ ಮಹಡಿ ಮೇಲೆ
ಮೇಣ, ಅರ, ಗಿರ್ರನೆ ತಿರುಗುವ ಬಟ್ಟೆಚಕ್ರ.
ಕಾಣದ ಬಾಯಿಗೆ ಕೂರುವ ತನಕ
ಇಷ್ಟಿಷ್ಟೇ ಉಜ್ಜುತ್ತೇನೆ.
ಎರಡು ವಸ್ತು ಸೇರಿದ ಗೆರೆ
ಉಗುರಿಗೆ ಸಿಗಬಾರದು, ಅಷ್ಟೇ ನನ್ನ ವಿದ್ಯೆ.

ಮೊದಲನೆಯದು ಸಿಕ್ಕಿದ್ದು ಭಾನುವಾರ,
ಕಾರಿನ ಡಿಕ್ಕಿ ತೆರೆದು ಮಾರುವ ಸಂತೆಯಲ್ಲಿ.
ಒಡೆದ ಕೆಟಲು, ಸತ್ತವರ ಕನ್ನಡಕಗಳ ನಡುವೆ
ಬೆರಳುದ್ದದ ಮಡಿಸುವ ಚಾಕು,
ಹಿಡಿಯ ಮೇಲೆ ಕಂದು ಏರಿಳಿತ
ಹುರಿದ ಶೇಂಗಾದ ಸಿಪ್ಪೆ ಹಾಗೆ.
ಉಗುರು ಕೊಟ್ಟು ಎಳೆದೆ.
ಅರ್ಧಕ್ಕೆ ನಿಂತಿತು, ಯೋಚಿಸಿತು,
ಆಮೇಲೆ ಟಕ್ ಎಂದಿತು.
ಎರಡು ಪೌಂಡು ಎಂದಳು ಮಾರುವವಳು.
ನಾನು ಸದ್ದಿಗೇ ಕೊಟ್ಟೆ.

ಈಗ ಮೂವತ್ತೊಂದಿವೆ, ಷರಟಿನ ಡಬ್ಬಿಯಲ್ಲಿ.
ನೀಲಾಂಬಿಕೆ ಎಣಿಸಿ ಹೇಳುತ್ತಾಳೆ:
"ನಮ್ಮವ್ವ ಒಂದ ಈಳಿಗಿ ಮ್ಯಾಲ
ಐವತ್ತು ವರ್ಷ ಬಾಳೇವು ಮಾಡ್ಯಾಳ."

ವಿಲ್ಫ್ ಸ್ಟ್ಯಾನಿಫೋರ್ತ್ ಕಲಿಸಿದ ನೋಡಲು.
ಎಂಬತ್ತರ ಮುದುಕ, ಕಾಲುವೆ ಬದಿಯ ಇಟ್ಟಿಗೆ ಕಟ್ಟಡದಲ್ಲಿ
ಬೆಂಚು, ಇಕ್ಕಳ, ಕಪ್ಪು ಚಹಾ.
ಹಿಡಿಯ ಎರಡು ಕಡೆಯೂ ಒಂದೇ ಕೊಂಬಿನ ಒಂದೇ ಜಾಗದ್ದಿರಬೇಕು,
ಅಕ್ಕತಂಗಿಯರ ಹಾಗೆ, ಅವಳಿಗಳ ಹಾಗಲ್ಲ.
ಯಾರೂ ಕೊಂದದ್ದಲ್ಲ ಇದು ಎನ್ನುವ,
ವರ್ಷಕ್ಕೊಮ್ಮೆ ತಾನೇ ಉದುರಿಸಿ
ಹಗುರ ತಲೆಯಲ್ಲಿ ಹೊರಟುಹೋಗುತ್ತದೆ.

"ಸಾಂಬಾರ್" ಎಂದ ಒಮ್ಮೆ, ಹಿಡಿಯೊಂದನ್ನು ಕಿಟಕಿ ಬೆಳಕಿಗೆ ಒಡ್ಡಿ.
ನನಗೆ ಬೇಳೆಯ ವಾಸನೆ ಬಂತು.
ಕಡವೆ ಎಂದು ಹೊಳೆದದ್ದು ಆಮೇಲೆ.
"ನಿಮ್ಮ ಕಾಡಿನದು. ಈಗ ಬರುವುದಿಲ್ಲ, ನಿಮ್ಮ ಸರ್ಕಾರ ಬಿಡುವುದಿಲ್ಲ."
ನನ್ನ ಕಾಡು!
ಗದಗಿನಲ್ಲಿ ಹುಟ್ಟಿದವನಿಗೆ ಎಲ್ಲಿಯ ಕಾಡು.
ನಾನು ಕಂಡ ಒಂದೇ ಕಡವೆ ಬಿಂಕದಕಟ್ಟಿ ಝೂನಲ್ಲಿ
ಜಾಲರಿಗೆ ಮೂತಿ ಒತ್ತಿ
ಯಾವುದೋ ಹುಡುಗಿಯ ಚುರಮರಿ ತಿನ್ನುತ್ತಿತ್ತು, ಪೊಟ್ಟಣ ಸಮೇತ.
ಅದನ್ನು ವಿಲ್ಫನಿಗೆ ಹೇಳಲಿಲ್ಲ.
ತಲೆಯಾಡಿಸಿದೆ, ಕಾಡಿನ ಒಡೆಯನ ಹಾಗೆ.

ಫೆಬ್ರುವರಿಯಲ್ಲಿ ಹೋದ.
ಮಗ ಕ್ರೇಗ್ ಅಪ್ಪನ ಪೆಟ್ಟಿಗೆಯನ್ನು, ನೂರಕ್ಕೂ ಮೇಲೆ,
ಚಾಕು ಒಪ್ಪಿಸಿ ಎಂದು ಪೊಲೀಸರು ಇಟ್ಟ
ಉಕ್ಕಿನ ತೊಟ್ಟಿಯ ಬಾಯಿಗೆ
ಒಂದೊಂದಾಗಿ ಹಾಕಿ ಬಂದ.
ಅದೇ ವಾರ ಅವನ ಬೀದಿಯಲ್ಲಿ ಹದಿನಾರರ ಹುಡುಗನೊಬ್ಬ
ರಸ್ತೆಯಲ್ಲಿ ಬಿದ್ದಿದ್ದ.
ಕ್ರೇಗನಿಗೂ ಮಕ್ಕಳಿದ್ದಾರೆ.
ತಪ್ಪು ಎನ್ನಲಾರೆ. ಸರಿ ಎನ್ನಲು
ಬಾಯಿ ಬರುವುದಿಲ್ಲ.

ಒಂದು ಉಳಿದಿದೆ, ಬಾ, ಎಂದು ಮಾರೀನ್ ಫೋನು ಮಾಡಿದಳು.
ಅಡಿಗೆಮನೆಯ ಡ್ರಾಯರಿನಲ್ಲಿ, ಸುತಲಿ ದಾರದ ಜೊತೆ
ಗಿಡ ಕಟ್ಟಲು ಇಟ್ಟುಕೊಂಡಿದ್ದಂತೆ.
ಮಸೆದು ಮಸೆದು ಅಲಗು
ಬೇವಿನೆಲೆಯಷ್ಟಾಗಿದೆ.
ಅಂಗೈ ಚಾಚಿದೆ. ಕೊಡಲಿಲ್ಲ,
ಮೇಜಿನ ಮೇಲಿಟ್ಟಳು.
ಮೆಣಸಿನಕಾಯಿ, ಚಾಕು ಕೈಗೆ ಕೊಟ್ಟರೆ ಜಗಳ ಎಂದು
ನಮ್ಮಜ್ಜಿ ನೆಲಕ್ಕಿಡುತ್ತಿದ್ದ ಹಾಗೇ.
"ಒಂದು ಪೆನ್ನಿ ಕೊಡು, ಇಲ್ಲದಿದ್ದರೆ ಸ್ನೇಹ ಕಡಿಯುತ್ತೆ."

ಈ ಕಾಲದಲ್ಲಿ ಪೆನ್ನಿ ಯಾರ ಹತ್ತಿರ ಇರುತ್ತೆ?
ಕೋಟಿನ ಕಿಸೆಯೆಲ್ಲ ತಡಕಿದೆ.
ಕಾರ್ಡು, ಟ್ರಾಮ್ ಚೀಟಿ, ಮತ್ತೊಂದು
ಪಿಂಗಾಣಿ ಹಲ್ಲು, ಬಣ್ಣ ಹೊಂದದೆ ತೆಗೆದಿಟ್ಟದ್ದು,
ಮೇಲ್ದವಡೆಯ ಮುಂದಿನದು.
ಅದನ್ನೇ ಮೇಜಿನ ಮೇಲಿಟ್ಟೆ.
ನೋಡಿದಳು. ತಿರುಗಿಸಿ ನೋಡಿದಳು.
ಫೆಬ್ರುವರಿಯಿಂದ ಮೊದಲ ಸಲವಿರಬೇಕು, ನಕ್ಕಳು, ಬಾಯಿ ತುಂಬ.
ಆ ಹಲ್ಲು ನಾನು ಮಾಡಿದ್ದಲ್ಲ.
ಗೆರೆ ಕಾಣುತ್ತಿತ್ತು.

ಟ್ರಾಮಿನಲ್ಲಿ ಕಿಸೆಗೆ ಕೈ ಹಾಕಿ ಕೂತೆ.
ಅಲಗು ಮೂರಿಂಚಿಗೆ ಕಡಿಮೆ, ಕಾನೂನು ಬಿಡುತ್ತದೆ,
ಆದರೂ ಎದುರಿನ ಹುಡುಗನ ಮೇಲೆ ಕಣ್ಣು ಹಾಯಿಸಿದೆ.
ಕೊಂಬಿನ ಒರಟೆಲ್ಲ ಹಾಗೇ ಇದೆ.
ಒಂದೇ ಕಡೆ, ಹೆಬ್ಬೆರಳಗಲ, ನುಣ್ಣಗೆ ತಗ್ಗಾಗಿದೆ.
ನನ್ನ ಹೆಬ್ಬೆರಳು ಅಲ್ಲಿ ಕೂರುವುದಿಲ್ಲ.
ಒಂದು ಕೂದಲೆಳೆ ಎಡಕ್ಕೆ ಬೇಕು.

ಮನೆಯಲ್ಲಿ ಅರವಿದೆ. ಹಚ್ಚಲಿಲ್ಲ.