ಏಳರ ಗಂಟೆ

ಫ್ರಾನ್ಸಿನಿಂದ ಹಡಗಿನಲ್ಲಿ ಬಂದ ಗಂಟೆ ಇದು.
ಕಡಲಿಂದ ಮಲೋಟಿ ಬೆಟ್ಟಕ್ಕೆ ಎತ್ತಿನ ಗಾಡಿಯಲ್ಲಿ;
ಕೊನೆಯ ಏರಿನಲ್ಲಿ ಒಂದು ಎತ್ತು ಸತ್ತಿತಂತೆ.
ತುಟಿಯಲ್ಲೊಂದು ಸೀಳು. ಅದಕ್ಕೇ ಅದರ ದನಿ
ನೆಗಡಿಯಾದ ಪಾದ್ರಿಯ ದನಿ.
ಮೂವತ್ತೊಂದು ವರ್ಷದಿಂದ ನಾನು ಅದರ ಹಗ್ಗದವನು.

ಒಂದು ಕಾಲದಲ್ಲಿ ಈ ಹಗ್ಗಕ್ಕೆ ಬಿಡುವೇ ಇರಲಿಲ್ಲ.
ಶನಿವಾರ ಬಂತೆಂದರೆ ಮೂರು ಹೆಣ, ನಾಲ್ಕು ಹೆಣ.
ವೆಲ್ಕಮ್‌ನ ಚಿನ್ನದ ಗಣಿಯಿಂದ ಗಂಡಸರು ಬಂದರು,
ಕಂಬಳಿ ಹೆಂಡತಿಗೆ, ರೇಡಿಯೊ ಮಕ್ಕಳಿಗೆ.
ಉಳಿದದ್ದು
ಹಂಚದೆಯೇ ಹಂಚಿಹೋಯಿತು.

ಹೆಸರು ಯಾರೂ ಹೇಳಲಿಲ್ಲ.
ಶೀತ ಎಂದರು. ಮಾಟ ಎಂದರು.
ಅಣ್ಣ ಮೊಜಲೆಫಾ ಸಭೆಯ ಹಿರಿಯ,
ಹ್ಯಾಟು ಕೈಯಲ್ಲಿ ಹಿಡಿದು ಎದ್ದು ನಿಂತ:
"ಅಂಥವರು ಹಿಂದಿನ ಬೆಂಚಿನಲ್ಲಿ ಕೂರಲಿ.
ಬಟ್ಟಲು ಅವರಿಗೆ ಕೊನೆಗೆ ಹೋಗಲಿ."
ಯಾರೂ ಬೇಡ ಅನ್ನಲಿಲ್ಲ. ನಾನೂ.

ನನ್ನ ಮಗಳು ಲಿಕೆಲೆಲಿ
ಎರಡು ಭಾನುವಾರ ಆ ಬೆಂಚಿನಲ್ಲಿ ಕೂತಳು.
ಮೂರನೆಯದಕ್ಕೆ
ಅವಳಿಗಾಗಿ ಹಗ್ಗ ಎಳೆದೆ.

ಔಷಧಿ ಬಂದದ್ದು ಆಮೇಲೆ, ಕುದುರೆಯ ಮೇಲೆ.
ಮಿಷನ್ ಆಸ್ಪತ್ರೆಯ ನರ್ಸ್ ಮಲಿನೆಯೊ
ಜೀನಿನ ಎರಡೂ ಚೀಲದಲ್ಲಿ ಮಾತ್ರೆ ತುಂಬಿ
ಹಿಮದ ಕಣಿವೆ ದಾಟಿ ಬರುತ್ತಿದ್ದಳು.
ಬೈಬಲ್ಲಿಗೆ ಜಾಗವಿರಲಿಲ್ಲ;
ಅದು ನನಗೆ ಬಾಯಿಪಾಠ, ಮಾತ್ರೆ ಅಲ್ಲವಲ್ಲ, ಎಂದು ನಗುವಳು.

ದಿನಾ ಒಂದೇ ಹೊತ್ತಿಗೆ ನುಂಗಬೇಕಂತೆ.
ಇಲ್ಲಿ ಯಾರ ಕೈಯಲ್ಲಿ ಗಡಿಯಾರ?
ಸೂರ್ಯನೋ, ಒಂದೊಂದು ತಿಂಗಳು ಒಂದೊಂದು ಶಿಖರದ ಹಿಂದೆ.
ತನ್ನ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದಳು.
"ನ್ತಾತೆ, ಸಂಜೆಯ ಪ್ರಾರ್ಥನೆಯ ಗಂಟೆ
ಇನ್ನು ಏಳಕ್ಕೆ. ಸರಿಯಾಗಿ ಏಳಕ್ಕೆ."
ಯಾರಿಗಾಗಿ ಎಂದು ಅವಳು ಹೇಳಲಿಲ್ಲ.

ಹಾಗೆ ಈಗ ಏಳು ಹೊಡೆದರೆ
ಪ್ರಾರ್ಥಿಸುವವರು ತಲೆ ತಗ್ಗಿಸುತ್ತಾರೆ,
ನುಂಗುವವರು ತಲೆ ಎತ್ತುತ್ತಾರೆ,
ಬಾಗಿಲು ಎಲ್ಲರದೂ ಮುಚ್ಚಿರುತ್ತದೆ.
ಶನಿವಾರ ಹಗ್ಗ ಸುಮ್ಮನೆ ತೂಗಾಡುತ್ತದೆ. ಅದರ ತುದಿ
ಬೆಕ್ಕಿನ ಮರಿಗೆ ಆಟ.

ಕಳೆದ ಜೂನ್. ಮೊಣಕಾಲುದ್ದ ಹಿಮ.
ಹೆಪ್ಪುಗಟ್ಟಿದ ಹಗ್ಗ ಮೊದಲ ಎಳೆತಕ್ಕೇ ತುಂಡಾಯಿತು.
ಕತ್ತಲಲ್ಲಿ ಇನ್ನೊಂದನ್ನು ತಡಕುತ್ತಿದ್ದೆ.
ಏಳೂ ಹತ್ತು. ಏಳೂ ಹದಿನೈದು.
ಹೊರಗೆ ಏದುಸಿರು.

ತಲೆಯ ಮೇಲೆ ಕಂಬಳಿ, ಹ್ಯಾಟಿಲ್ಲ, ಅಣ್ಣ.
"ಗಂಟೆ ಯಾಕೆ ಹೊಡೆಯಲಿಲ್ಲ?"
ನಾನು ಬಾಯಿ ತೆರೆಯುವ ಮೊದಲೇ,
"ಅಲ್ಲ, ಪ್ರಾರ್ಥನೆಗೆ ತಡವಾಯಿತಲ್ಲ, ಅದಕ್ಕೆ."
ಕಂಬಳಿಯೊಳಗಿನ ಕೈ ನಡುಗಿತು.
ಡಬ್ಬಿಯಲ್ಲಿ ಕಾಳು ಅಲುಗಿದ ಸದ್ದು.

ಆ ಬೆಂಚು ಇಡಿಯಾಗಿ ನನ್ನ ಗಂಟಲಿಗೆ ಬಂತು.
ಅದರ ಮೇಲೆ ಅವಳು, ಮಡಿಲಲ್ಲಿ ಕೈ.

ಹೊಟ್ಟೆಗೆ ಹಾಕಿಕೋ ಅನ್ನುತ್ತಾರೆ ದೊಡ್ಡವರು,
ಒಮ್ಮೆ ಹಾಕಿಕೊಂಡರೆ ಮುಗಿಯಿತು ಅನ್ನುವ ಹಾಗೆ.
ಮಲಿನೆಯೊಳನ್ನು ಕೇಳಿ:
ದಿನಾ. ಅದೇ ಹೊತ್ತಿಗೆ.
ಒಂದು ದಿನ ತಪ್ಪಿದರೂ ರೋಗ ಕಲಿತುಬಿಡುತ್ತದೆ.

ಕುದುರೆಯ ಹಗ್ಗ ಬಿಚ್ಚಿ ತಂದೆ.
ಏಣಿ ಹಿಡಿಯೆಂದೆ, ಹಿಡಿದ.
ಏಳೂ ಇಪ್ಪತ್ಮೂರಕ್ಕೆ ಹೊಡೆದೆ,
ಕಣಿವೆಗೆಲ್ಲ ತಪ್ಪೊಪ್ಪಿಕೊಳ್ಳುವ ಹಾಗೆ, ಜೋರಾಗಿ.

ಆಮೇಲೆ ಬಕೆಟ್ಟಿನ ಮೇಲಿನ ಮಂಜುಗಡ್ಡೆ ಒಡೆದು
ಒಂದು ಲೋಟ ನೀರು ಕಿಟಕಿಯ ಮೇಲಿಟ್ಟೆ.
ಹಗ್ಗವಿಲ್ಲದ ಕುದುರೆ ಎಲ್ಲಿಗೆ ಹೋಯಿತೋ ನೋಡುತ್ತೇನೆ
ಎಂದು ಹೊರಗೆ ಬಂದೆ.

ಕುದುರೆ ಅಲ್ಲೇ ಇತ್ತು.
ಸ್ವಲ್ಪ ಹೊತ್ತು ಹುಡುಕಿದೆ.